ಬಂಕಾಪುರದ ಅರವತ್ತು ಕಂಬದ ಗುಡಿ

ಚರಿತ್ರೆಯೆಂದರೆ ಅರಸರ ವಂಶಾವಳಿ, ಯುದ್ಧಗಳ ತೇದಿ ಎಂದು ಭಾವಿಸುವುದು ವಾಡಿಕೆ. ಆದರೆ ನಾಡಿನ ಚರಿತ್ರೆ ಗ್ರಂಥಗಳಲ್ಲಿ ಮಾತ್ರ ಅಡಗಿಲ್ಲ. ಊರಮುಂದಿನ ವೀರಗಲ್ಲಿನಲ್ಲಿ, ಕೆರೆಯ ಏರಿಯ ಮೇಲೆ ನಿಂತ ಶಾಸನದಲ್ಲಿ, ಹಿರಿಯರು ಕಟ್ಟಿಸಿದ ಹಳೆಯ ಪೂಜಾಸ್ಥಾನಗಳಲ್ಲಿ ಅದು ಅಚ್ಚೊತ್ತಿದಂತೆ ಉಳಿದುಬಂದಿದೆ. ಗುಡಿ, ಬಸದಿ, ಮಸೀದಿ, ಇಗರ್ಜಿ - ಯಾವುದೇ ಆಗಲಿ, ಹಲವು ತಲೆಮಾರುಗಳನ್ನು ಕಂಡ ಕಟ್ಟಡವೊಂದು ಊರಿನ ಸುಖದುಃಖಗಳಿಗೆಲ್ಲ ಮೂಕಸಾಕ್ಷಿಯಾಗಿರುತ್ತದೆ. ಅದನ್ನು ಮಾತನಾಡಿಸಬಲ್ಲವರಿಗೆ ಅದು ತನ್ನ ಕಥೆಯನ್ನು ಹೇಳುತ್ತದೆ. ಅಂತಹ ಕಟ್ಟಡಗಳಲ್ಲಿ ಬಂಕಾಪುರದ ನಗರೇಶ್ವರ ದೇವಾಲಯವೂ ಒಂದು. ಜನ ಅದನ್ನು ಅಕ್ಕರೆಯಿಂದ ‘ಅರವತ್ತು ಕಂಬದ ಗುಡಿ’ ಎಂದು ಕರೆಯುತ್ತಾರೆ.

ಬಂಕಾಪುರವು ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನಲ್ಲಿದೆ. 1997ರಲ್ಲಿ ಹಾವೇರಿ ಜಿಲ್ಲೆ ರೂಪುಗೊಳ್ಳುವವರೆಗೆ ಈ ಪ್ರದೇಶವು ಧಾರವಾಡ ಜಿಲ್ಲೆಗೆ ಸೇರಿತ್ತು. ಇದು ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಎಡೆ. ಪೂರ್ವಕ್ಕೆ ಸವಣೂರು, ನೈಋತ್ಯಕ್ಕೆ ಹಾನಗಲ್ಲು, ಇನ್ನೂ ದಕ್ಷಿಣಕ್ಕೆ ಸಾಗಿದರೆ ಹಿರೇಕೆರೂರು. ವರದಾ, ಧರ್ಮಾ, ಕುಮುದ್ವತಿ ನದಿಗಳು ಹರಿಯುವ ಈ ಸೀಮೆಯು ಪ್ರಾಚೀನ ಬನವಾಸಿ ನಾಡಿನ ಭಾಗವಾಗಿತ್ತು. ಶಾಸನಗಳು ಆ ನಾಡನ್ನು ‘ಬನವಾಸಿ ಪನ್ನಿರ್ಛಾಸಿರ’ ಎಂದು ಕರೆದಿವೆ. ಪನ್ನಿರ್ಛಾಸಿರವೆಂದರೆ ಹನ್ನೆರಡು ಸಾವಿರ.

ಊರಿನ ಹೆಸರಿನಲ್ಲಿಯೇ ಒಂದು ಕಥೆಯಿದೆ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ನಚ್ಚಿನ ಸೇನಾನಿಯಾಗಿದ್ದವನು ಬಂಕೆಯ. ಬನವಾಸಿ ನಾಡಿನ ಆಡಳಿತವನ್ನು ನೋಡಿಕೊಳ್ಳುತ್ತಿದ್ದ ಆ ವೀರನ ಹೆಸರಿನಿಂದಲೇ ಈ ಊರು ಬಂಕಾಪುರವೆನಿಸಿತು. ಅವನ ಮಗ ಲೋಕಾದಿತ್ಯನು ಇಲ್ಲಿಂದ ಆಳುತ್ತಿದ್ದಾಗ, 898ರ ಸುಮಾರಿನಲ್ಲಿ, ಗುಣಭದ್ರಾಚಾರ್ಯನ ಉತ್ತರಪುರಾಣವೆಂಬ ಸಂಸ್ಕೃತ ಮಹಾಕೃತಿಗೆ ಪೂಜೆ ಸಂದಿತೆಂದು ಆ ಕೃತಿಯ ಕೊನೆಯ ಪದ್ಯಗಳು ತಿಳಿಸುತ್ತವೆ. ಗ್ರಂಥವೊಂದು ಪೂರ್ಣಗೊಂಡುದನ್ನು ಊರ ಹಬ್ಬದಂತೆ ಆಚರಿಸಿದ ಕಾಲವದು.

ಹತ್ತನೆಯ ಶತಮಾನದಲ್ಲಿ ಅಜಿತಸೇನಾಚಾರ್ಯನೆಂಬ ಜೈನ ಗುರುವಿನಿಂದ ಬಂಕಾಪುರದ ಕೀರ್ತಿ ಮತ್ತಷ್ಟು ಹೆಚ್ಚಿತು. ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ಮಾಡಿಸಿದ ಚಾವುಂಡರಾಯನಿಗೂ ಕವಿಚಕ್ರವರ್ತಿ ರನ್ನನಿಗೂ ಆತನೇ ಗುರು. ಗಂಗ ದೊರೆ ಮಾರಸಿಂಹನು ಹಲವು ಯುದ್ಧಗಳಲ್ಲಿ ಗೆಲುವು ಸಾಧಿಸಿ, ಕಡೆಗೆ ರಾಜ್ಯವನ್ನು ತೊರೆದು, 974ರ ಸುಮಾರಿನಲ್ಲಿ ಇದೇ ಬಂಕಾಪುರದಲ್ಲಿ ಅಜಿತಸೇನನ ಸನ್ನಿಧಿಯಲ್ಲಿ ಮೂರು ದಿನಗಳ ಸಲ್ಲೇಖನ ವ್ರತವನ್ನು ಕೈಗೊಂಡು ದೇಹವನ್ನು ಬಿಟ್ಟನು. ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಮೇಲಿನ ಶಾಸನವು ಈ ಸಂಗತಿಯನ್ನು ಸಾರುತ್ತದೆ. ಹೀಗೆ ಬಂಕಾಪುರವು ಕತ್ತಿಯಿಂದ ಹುಟ್ಟಿದ ಊರಾದರೂ ವಿದ್ಯೆಯಿಂದಲೂ ವೈರಾಗ್ಯದಿಂದಲೂ ಬೆಳೆಯಿತು.

ರಾಷ್ಟ್ರಕೂಟರ ತರುವಾಯ ಕಲ್ಯಾಣದ ಚಾಲುಕ್ಯರು ಕನ್ನಡ ನಾಡನ್ನು ಆಳಿದರು. ಅವರ ಅಧೀನದಲ್ಲಿ ಹಾನಗಲ್ಲಿನ ಕದಂಬರು ಮಾಂಡಲಿಕರಾಗಿದ್ದರು. ಬಂಕಾಪುರದ ಕೋಟೆಯಲ್ಲಿ ದೊರೆತ ಶಾಸನವೊಂದಕ್ಕೆ ಶಕವರ್ಷ 977ರ ಕಾಲನಿರ್ದೇಶವಿದೆ. ಶಕವರ್ಷಕ್ಕೆ 78ನ್ನು ಕೂಡಿಸಿದರೆ ಕ್ರಿಸ್ತಶಕದ ವರ್ಷ ದೊರೆಯುವುದು. ಆದುದರಿಂದ ಅದು 1055ರ ಶಾಸನ. ಮುಂದೆ ಆರನೆಯ ವಿಕ್ರಮಾದಿತ್ಯನೆಂದು ಪ್ರಖ್ಯಾತನಾದ ಚಾಲುಕ್ಯ ರಾಜಕುಮಾರನು ಆಗ ಗಂಗವಾಡಿ ಹಾಗೂ ಬನವಾಸಿ ನಾಡುಗಳ ಅಧಿಪತಿಯಾಗಿದ್ದನೆಂದೂ, ಅವನ ಕೈಕೆಳಗೆ ಕದಂಬ ಹರಿಕೇಸರಿಯು ತನ್ನ ಅರಸಿ ಲಚ್ಚಲದೇವಿಯೊಡನೆ ಆಳುತ್ತಿದ್ದನೆಂದೂ, ಜಿನಾಲಯವೊಂದಕ್ಕೆ ಭೂಮಿಯನ್ನು ದಾನ ಮಾಡಲಾಯಿತೆಂದೂ ಅದರಿಂದ ತಿಳಿದುಬರುತ್ತದೆ. ಬಸದಿಗಳೂ ಶಿವಾಲಯಗಳೂ ಒಂದೇ ಊರಿನಲ್ಲಿ ಅಕ್ಕಪಕ್ಕದಲ್ಲಿ ಬಾಳಿದ ಕಾಲವದು. ಆ ಚಾಲುಕ್ಯಯುಗದ ಶಿಲ್ಪಿಗಳ ಕೈಚಳಕದಿಂದ ಮೂಡಿಬಂದುದೇ ನಗರೇಶ್ವರ ದೇವಾಲಯ.

‘ನಗರೇಶ್ವರ’ ಎಂಬ ಹೆಸರನ್ನು ತುಸು ವಿಚಾರಿಸಬೇಕು. ಇಂದು ‘ನಗರ’ವೆಂದರೆ ದೊಡ್ಡ ಪಟ್ಟಣವೆಂಬ ಅರ್ಥವಷ್ಟೇ ನಮ್ಮ ಮನಸ್ಸಿಗೆ ಹೊಳೆಯುತ್ತದೆ. ಹಳೆಯ ಶಾಸನಗಳಲ್ಲಾದರೋ ಆ ಪದಕ್ಕೆ ಮತ್ತೊಂದು ಅರ್ಥವೂ ಉಂಟು. ಊರಿನ ವರ್ತಕರ ಸಂಘವನ್ನೂ ‘ನಗರ’ವೆಂದೇ ಕರೆಯುತ್ತಿದ್ದರು. ನಾಡಿನಲ್ಲಿ ‘ನಗರೇಶ್ವರ’, ‘ನಖರೇಶ್ವರ’ ಎಂಬ ಹೆಸರಿನ ಗುಡಿಗಳು ಸಾಮಾನ್ಯವಾಗಿ ವರ್ತಕರು ನಡೆದುಕೊಳ್ಳುತ್ತಿದ್ದ ಗುಡಿಗಳು. ಅಂದಿನ ದೇವಾಲಯವು ಪೂಜೆಗಷ್ಟೇ ಮೀಸಲಾಗಿರಲಿಲ್ಲ. ಊರ ಹಿರಿಯರು ಸೇರಿ ನ್ಯಾಯ ತೀರಿಸುವ ಚಾವಡಿಯೂ, ಪುರಾಣ ಪ್ರವಚನಗಳನ್ನು ಕೇಳುವ ಸಭಾಭವನವೂ, ಸಂಗೀತ ನೃತ್ಯಗಳ ರಂಗವೂ ಅದೇ ಆಗಿತ್ತು. ಅಷ್ಟು ಜನ ಕೂಡಬೇಕಾದರೆ ವಿಶಾಲವಾದ ಮಂಟಪ ಬೇಕಷ್ಟೆ. ಅರವತ್ತು ಕಂಬದ ಗುಡಿಯ ಹೆಗ್ಗಳಿಕೆಯಿರುವುದು ಈ ಮಂಟಪದಲ್ಲಿಯೇ.

ಗುಡಿಯು ಕೋಟೆಯ ಒಳಗೆ, ಸುತ್ತಲಿನ ನೆಲಕ್ಕಿಂತ ತಗ್ಗಿನಲ್ಲಿದೆ. ಮೆಟ್ಟಿಲುಗಳನ್ನು ಇಳಿದು ಅದರ ಅಂಗಳವನ್ನು ಸೇರಬೇಕು. ಹಳೆಯ ಊರುಗಳಲ್ಲಿ ಮಣ್ಣಿನ ಮನೆಗಳು ಕುಸಿದು ಅವುಗಳ ಮೇಲೆಯೇ ಹೊಸ ಮನೆಗಳು ಏಳುವುದರಿಂದ ನೆಲವು ಶತಮಾನದಿಂದ ಶತಮಾನಕ್ಕೆ ಏರುತ್ತ ಹೋಗುವುದು ಸಾಮಾನ್ಯ. ಹೀಗಾಗಿ ಪ್ರಾಚೀನ ಕಟ್ಟಡವನ್ನು ನೋಡಲು ಇಳಿಯುವ ಒಂದೊಂದು ಮೆಟ್ಟಿಲೂ ಕಾಲದ ಒಂದೊಂದು ಪದರವನ್ನು ದಾಟಿದಂತಹ ಅನುಭವವನ್ನು ಕೊಡುತ್ತದೆ.

ಮಂಟಪವನ್ನು ಹೊಕ್ಕೊಡನೆ ಕಣ್ಣಿಗೆ ಕಾಣುವುದು ಕಂಬಗಳ ಸಾಲು. ಹೆಸರಿಗೆ ಅರವತ್ತು ಕಂಬಗಳಾದರೂ ಎಣಿಸಿದರೆ ಅರವತ್ತನ್ನು ಮೀರುತ್ತವೆ. ಒಂದು ಕಂಬದ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಬೆಳಕು ನೆರಳುಗಳು ಅವುಗಳ ನಡುವೆ ಹೆಣೆದುಕೊಂಡಿವೆ. ಬಾದಾಮಿ, ಐಹೊಳೆಗಳ ಶಿಲ್ಪಿಗಳು ಕೆಂಪು ಮರಳುಗಲ್ಲಿನಲ್ಲಿ ಕೆಲಸ ಮಾಡಿದರು. ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪಿಗಳು ಹನ್ನೊಂದನೆಯ ಶತಮಾನದ ವೇಳೆಗೆ ಹಸುರು ಬೆರೆತ ಕರಿ ಬಣ್ಣದ ಬಳಪದ ಕಲ್ಲನ್ನು ಆರಿಸಿಕೊಂಡರು. ಈ ಕಲ್ಲು ಗಣಿಯಿಂದ ತೆಗೆದಾಗ ಮೃದುವಾಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಗುಣವುಳ್ಳದ್ದು. ಚಿಕ್ಕ ಉಳಿಯಿಂದಲೂ ಸೂಕ್ಷ್ಮವಾಗಿ ಕೊರೆಯಬಹುದು. ಉಜ್ಜಿದರೆ ಕನ್ನಡಿಯಂತೆ ಹೊಳೆಯುತ್ತದೆ. ಕಲ್ಲು ಬದಲಾದೊಡನೆ ಕಲೆಯ ಬಗೆಯೂ ಬದಲಾಯಿತು. ಬೃಹದಾಕಾರದ ಮೂರ್ತಿಗಳ ಬದಲು ಬಿಡಿಬಿಡಿಯಾದ ನವುರು ಕೆತ್ತನೆ ಮುಂದೆ ಬಂದಿತು.

ಬಡಗಿಯು ಮರದ ತುಂಡನ್ನು ಚರಕಿಗೆ ಹಚ್ಚಿ ತಿರುಗಿಸುತ್ತ ಉಳಿ ಹಿಡಿದು ಬುಗುರಿಯನ್ನೋ ತೊಟ್ಟಿಲ ಕಾಲನ್ನೋ ತೆಗೆಯುವುದನ್ನು ಹಲವರು ನೋಡಿರಬಹುದು. ಇಲ್ಲಿಯ ಕಂಬಗಳನ್ನೂ ಹಾಗೆಯೇ ತಿರುಗಿಸಿ ಕಡೆದಿದ್ದಾರೆ. ಮಣಗಟ್ಟಲೆ ತೂಕದ ಕಲ್ಲನ್ನು ಒಂದೇ ಸಮನೆ ತಿರುಗಿಸುವುದು ಸುಲಭದ ಕೆಲಸವಲ್ಲ. ಆದರೂ ಕಂಬಗಳ ಮೈಯಲ್ಲಿ ಮೂಡಿರುವ ಬಳೆಗಳು ಒಂದಿಷ್ಟೂ ಓರೆಯಾಗಿಲ್ಲ. ಕೆಳಗೆ ಚೌಕ ಪೀಠ, ನಡುವೆ ಗಂಟೆಯ ಆಕಾರ, ಅದರ ಮೇಲೆ ಚಕ್ರದಂತಹ ಬೋದಿಗೆ ಎಂಬಂತೆ ಕಂಬದ ರೂಪವು ಹಂತಹಂತವಾಗಿ ಏರುತ್ತದೆ. ಮಂಟಪದ ಅಂಚಿನಲ್ಲಿ ಕಕ್ಷಾಸನವಿದೆ. ಕಕ್ಷಾಸನವೆಂದರೆ ಬೆನ್ನಿಗೆ ಆನಿಕೆಯುಳ್ಳ ಕಲ್ಲಿನ ಜಗಲಿ. ಇಲ್ಲಿ ಕುಳಿತವರು ಯಾರು, ಆಡಿದ ಮಾತುಗಳೇನು ಎಂಬುದನ್ನು ಯಾವ ಶಾಸನವೂ ಬರೆದಿಟ್ಟಿಲ್ಲ. ಆದರೆ ದಣಿದು ಬಂದವರು ಒರಗಿ ಕೂರಲೆಂದು ಕಲ್ಲನ್ನು ಹದವಾಗಿ ಬಾಗಿಸಿದ ಶಿಲ್ಪಿಯ ಮನಸ್ಸು ಮಾತ್ರ ಇಂದಿಗೂ ಅರ್ಥವಾಗುತ್ತದೆ.

ಇದೇ ಶಿಲ್ಪಿಪರಂಪರೆಯ ಕೆಲಸವನ್ನು ನೆರೆಯ ಊರುಗಳಲ್ಲಿಯೂ ಕಾಣಬಹುದು. ಕದಂಬರ ರಾಜಧಾನಿಯಾಗಿದ್ದ ಹಾನಗಲ್ಲಿನಲ್ಲಿ ತಾರಕೇಶ್ವರ ದೇವಾಲಯವಿದೆ. ಅದರ ಮಂಟಪದ ಮಾಳಿಗೆಯಲ್ಲಿ ಎಸಳು ಎಸಳಾಗಿ ಅರಳಿ ಕೆಳಮುಖವಾಗಿ ತೂಗುವ ಕಲ್ಲಿನ ತಾವರೆಯನ್ನು ನೋಡಿ ಬೆರಗಾಗದವರಿಲ್ಲ. 1196ರಲ್ಲಿ ಹೊಯ್ಸಳ ಎರಡನೆಯ ವೀರಬಲ್ಲಾಳನು ಹಾನಗಲ್ಲನ್ನು ಮುತ್ತಿದಾಗ ಊರನ್ನು ಕಾಯುತ್ತ ಕದಂಬರ ಸೇನಾನಿ ಸೋಹಣಿಯು ಮಡಿದುದನ್ನು ಅಲ್ಲಿಯ ವೀರಗಲ್ಲು ನೆನಪಿಸುತ್ತದೆ. ಹಿರೇಕೆರೂರು ತಾಲ್ಲೂಕಿನ ಅಬಲೂರಿನಲ್ಲಿ ಸೋಮೇಶ್ವರ ದೇವಾಲಯವಿದೆ. ಶಿವಶರಣ ಏಕಾಂತದ ರಾಮಯ್ಯನ ಚರಿತ್ರೆಯನ್ನು ಹೇಳುವ ದೀರ್ಘ ಶಾಸನವನ್ನು ಅಲ್ಲಿ ಕಾಣಬಹುದು. ಅರಸನ ಹೆಸರು, ಯೋಧನ ಸಾವು, ಶರಣನ ನಂಬಿಕೆ ಎಲ್ಲವನ್ನೂ ಈ ಸೀಮೆಯ ಜನ ಗುಡಿಯ ಕಲ್ಲುಗಳಿಗೇ ಒಪ್ಪಿಸಿದ್ದಾರೆ.

ಬಂಕಾಪುರಕ್ಕೆ ಮರಳೋಣ. ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳ ವಿಷ್ಣುವರ್ಧನನು ಉತ್ತರಕ್ಕೆ ದಂಡೆತ್ತಿ ಬಂದು ಹಾನಗಲ್ಲನ್ನೂ ಬಂಕಾಪುರವನ್ನೂ ವಶಪಡಿಸಿಕೊಂಡನು. ಅವನು ಬಂಕಾಪುರವನ್ನು ತನ್ನ ನೆಲೆವೀಡಾಗಿ ಮಾಡಿಕೊಂಡಿದ್ದನೆಂದು ಹೊಯ್ಸಳ ಶಾಸನಗಳು ಹೇಳುತ್ತವೆ. ಅವನ ಮಗ ನರಸಿಂಹನ ಕಾಲದಲ್ಲಿ ನಡೆದ ಒಂದು ಘಟನೆಯು ವಿಶೇಷವಾಗಿ ಮನನೀಯವಾದುದು. ಅಜಿತಸೇನನ ಕಾಲ ಕಳೆದು ಆಗಲೇ ಎರಡು ಶತಮಾನಗಳು ಸಮೀಪಿಸಿದ್ದವು. ಬಂಕಾಪುರದ ಹಳೆಯ ಜಿನಾಲಯಗಳು ಜೀರ್ಣವಾಗಿ ಬೀಳುವ ಸ್ಥಿತಿಯಲ್ಲಿದ್ದವು. ಹೊಯ್ಸಳರ ಭಂಡಾರಿಯಾಗಿದ್ದ ಹುಳ್ಳನು ಅವುಗಳನ್ನು ಮತ್ತೆ ಎತ್ತಿ ನಿಲ್ಲಿಸಿದನು. ಶ್ರವಣಬೆಳಗೊಳದಲ್ಲಿ ಅವನು ಕಟ್ಟಿಸಿದ ಭಂಡಾರ ಬಸದಿಯ 1159ರ ಶಾಸನವು ಆ ಹೊಸ ಬಸದಿಯ ನಿರ್ಮಾಣವನ್ನು ಹೊಗಳಿ ಅಷ್ಟಕ್ಕೇ ನಿಲ್ಲಿಸುವುದಿಲ್ಲ; ಬಂಕಾಪುರದ ಜೀರ್ಣೋದ್ಧಾರವನ್ನೂ ಅಷ್ಟೇ ಅಭಿಮಾನದಿಂದ ಕೊಂಡಾಡುತ್ತದೆ. ಹೊಸದನ್ನು ಕಟ್ಟುವ ಶಕ್ತಿಯಿದ್ದವನು ಇತರರು ಕಟ್ಟಿದ ಹಳೆಯದನ್ನು ಉಳಿಸುವುದಕ್ಕೂ ಮನಸ್ಸು ಮಾಡಿದನೆಂಬುದು ಗಮನಾರ್ಹ.

ನಮ್ಮ ಪ್ರಾಚೀನರಲ್ಲಿ ಈ ಮನೋಭಾವ ಆಕಸ್ಮಿಕವಾದುದಲ್ಲ. ದಾನಶಾಸನಗಳನ್ನು ಓದಿದವರಿಗೆ ಒಂದು ಸಂಗತಿ ಪರಿಚಿತ. ಶಾಸನದ ಕೊನೆಯಲ್ಲಿ ಅನೇಕ ವೇಳೆ, ತಾನು ಮಾಡುವ ದಾನಕ್ಕಿಂತ ಪರರು ಮಾಡಿದ ದಾನವನ್ನು ಕಾಪಾಡುವುದರಿಂದ ಇಮ್ಮಡಿ ಪುಣ್ಯ ಲಭಿಸುತ್ತದೆ ಎಂಬ ಆಶಯದ ಶ್ಲೋಕವಿರುತ್ತದೆ. ದಾನವನ್ನು ಕೆಡಿಸಿದವನಿಗೆ ಶಾಪವೂ ಇರುತ್ತದೆ. ಕೊಟ್ಟವನ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ. ಕಾಯ್ದವರ ಹೆಸರು ಬಹುಮಟ್ಟಿಗೆ ಉಳಿಯುವುದಿಲ್ಲ. ಹಾಗಿದ್ದರೂ ಕಾಯ್ದವರದೇ ಹಿರಿದಾದ ಪುಣ್ಯವೆಂದು ಬರೆಸಿದ ಆ ಹಿರಿಯರ ವಿವೇಕ ದೊಡ್ಡದು.

ಬಂಕಾಪುರಕ್ಕೆ ಮುಂದೆ ಕಠಿನವಾದ ದಿನಗಳು ಬಂದವು. ವಿಜಯನಗರದ ಕಾಲದಲ್ಲಿ ಇದು ಬಲವಾದ ಕೋಟೆಯಾಗಿತ್ತು. ದಾಸಶ್ರೇಷ್ಠರಾದ ಕನಕದಾಸರು ಹುಟ್ಟಿದ ಬಾಡ ಗ್ರಾಮವು ಇಲ್ಲಿಗೆ ಸಮೀಪದಲ್ಲಿದೆ; ಅವರು ಮೊದಲು ಈ ಸೀಮೆಯಲ್ಲಿ ದಂಡನಾಯಕರಾಗಿದ್ದರೆಂದು ಪ್ರತೀತಿ. 1565ರ ತಾಳಿಕೋಟೆಯ ಯುದ್ಧದಲ್ಲಿ ವಿಜಯನಗರದ ಬಲ ಮುರಿದ ಮೇಲೆ, 1570ರ ದಶಕದಲ್ಲಿ ಬಿಜಾಪುರದ ಆದಿಲಶಾಹಿ ಸೈನ್ಯವು ಬಂಕಾಪುರವನ್ನು ಮುತ್ತಿತು. ಒಂದು ವರ್ಷವನ್ನೂ ಮೀರಿ ನಡೆದ ಮುತ್ತಿಗೆಯ ಬಳಿಕ ಕೋಟೆ ಶರಣಾಯಿತು. ಆ ಯುದ್ಧದಲ್ಲಿ ಗುಡಿಗಳಿಗೆ ಹಾನಿಯೂ ಆಯಿತು, ಕೋಟೆಯೊಳಗೆ ಮಸೀದಿಯೂ ಎದ್ದಿತು. 1686ರಲ್ಲಿ ಬಿಜಾಪುರವು ಮೊಗಲರ ವಶವಾದ ಮೇಲೆ ಈ ಸೀಮೆಯು ಔರಂಗಜೇಬನಿಂದ ಅಬ್ದುಲ್ ರವೂಫ್ ಖಾನನಿಗೆ ಜಹಗೀರಾಗಿ ದೊರೆಯಿತು. ಆ ಮನೆತನವು ತನ್ನ ಆಡಳಿತದ ನೆಲೆಯನ್ನು ಸವಣೂರಿಗೆ ಬದಲಾಯಿಸಿಕೊಂಡು, ಸವಣೂರಿನ ನವಾಬರೆಂದು ಹೆಸರಾಯಿತು. ಅರಸೊತ್ತಿಗೆ ಸವಣೂರಿಗೆ ಹೋದಂತೆ ವ್ಯಾಪಾರವೂ ಜನಸಂದಣಿಯೂ ಅತ್ತ ಸರಿದವು. ಒಂದು ಕಾಲದಲ್ಲಿ ರಾಜಧಾನಿಯ ವೈಭವವನ್ನು ಕಂಡಿದ್ದ ಬಂಕಾಪುರ ಕ್ರಮೇಣ ಮೌನವಾಯಿತು.

ಕಟ್ಟಡಗಳಿಗೆ ಯುದ್ಧವು ಹೇಗೋ ಮರೆವೂ ಹಾಗೆಯೇ ಶತ್ರು. ಯುದ್ಧದ ಪೆಟ್ಟು ಒಂದು ದಿನದ್ದು. ಮರೆವಿನ ಪೆಟ್ಟು ಪ್ರತಿದಿನದ್ದು. ಮಾಳಿಗೆಯ ಸಂದಿನಲ್ಲಿ ಹಕ್ಕಿ ಉದುರಿಸಿದ ಆಲದ ಬೀಜ ಮೊಳೆತರೆ ಅದರ ಬೇರು ವರ್ಷದಿಂದ ವರ್ಷಕ್ಕೆ ಚಪ್ಪಡಿಗಳನ್ನು ಅಗಲಿಸುತ್ತದೆ. ಸಂದಿನಿಂದ ಇಳಿದ ಮಳೆಯ ನೀರು ಗೋಡೆಯ ಒಡಲನ್ನು ಸಡಿಲಗೊಳಿಸುತ್ತದೆ. ತೊಲೆಯೊಂದು ಜಾರಿದರೆ ಅದರ ಆಸರೆಯಲ್ಲಿದ್ದ ಮತ್ತೆರಡು ಜಾರುತ್ತವೆ. ಬಿದ್ದ ಕಲ್ಲು ಯಾರದೋ ಮನೆಯ ಹೊಸ್ತಿಲಾಗುತ್ತದೆ, ಬಾವಿಯ ಕಟ್ಟೆಯಾಗುತ್ತದೆ, ಬಟ್ಟೆ ಒಗೆಯುವ ಬಂಡೆಯಾಗುತ್ತದೆ. ಅದರ ಮೇಲಿನ ಅಕ್ಷರಗಳು ದಿನದಿನಕ್ಕೆ ಸವೆದು, ಕಡೆಗೆ ಒಂದು ಊರಿನ ನೆನಪೇ ಅಳಿದುಹೋಗುತ್ತದೆ. ನಾಡಿನ ಎಷ್ಟೋ ಗುಡಿಬಸದಿಗಳು ಹೀಗೆಯೇ ಕಣ್ಮರೆಯಾಗಿವೆ.

ಇಂತಹ ಸಮಯದಲ್ಲಿ ಕಲ್ಲುಗಳನ್ನು ಓದಬಲ್ಲ ಕೆಲವರು ಮುಂದೆ ಬಂದರು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಧಾರವಾಡ ಸೀಮೆಯಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ಟನು ಊರೂರು ಸುತ್ತಿಸಿ ಸುಮಾರು 600 ಶಾಸನಗಳ ಪ್ರತಿಗಳನ್ನು ಮಾಡಿಸಿದನು. ಅನಂತರ ಜೆ. ಎಫ್. ಫ್ಲೀಟನು ಈ ಭಾಗದ ಹಳಗನ್ನಡ ಶಾಸನಗಳನ್ನು ಓದಿ ಅರ್ಥಸಹಿತ ಪ್ರಕಟಿಸಿದನು. ಅವುಗಳ ಆಧಾರದಿಂದ ಕದಂಬ, ಚಾಲುಕ್ಯ, ರಾಷ್ಟ್ರಕೂಟ ಮನೆತನಗಳ ಚರಿತ್ರೆಯನ್ನು ಬರೆದನು. ಈ ಸೀಮೆಯ ಚಾಲುಕ್ಯ ದೇವಾಲಯಗಳನ್ನು ಹೆನ್ರಿ ಕಸಿನ್ಸನು ಅಳೆದು, ನಕಾಸೆ ಬರೆದು, ಛಾಯಾಚಿತ್ರಗಳೊಡನೆ 1926ರಲ್ಲಿ ಗ್ರಂಥರೂಪದಲ್ಲಿ ಹೊರತಂದನು. ಅವರ ತರುವಾಯ ಕನ್ನಡದ ವಿದ್ವಾಂಸರೇ ಈ ಕೆಲಸವನ್ನು ಕೈಗೆತ್ತಿಕೊಂಡು ಮುಂದುವರಿಸಿದರು. ಶಾಸನವನ್ನು ಓದುವವರೆಗೆ ಅದು ಬರಿಯ ಕಲ್ಲು. ಓದಿದ ಮೇಲೆ ಅದೇ ಕಲ್ಲು ಊರಿನ ದಾಖಲೆ.

ಹಳೆಯ ಕಟ್ಟಡಗಳ ರಕ್ಷಣೆಗೆಂದು 1904ರಲ್ಲಿ ಶಾಸನವೊಂದು ಜಾರಿಗೆ ಬಂದಿತು. ಸ್ವಾತಂತ್ರ್ಯಾನಂತರ, 1958ರಲ್ಲಿ, ಹೆಚ್ಚು ವಿಸ್ತಾರವಾದ ಕಾಯಿದೆ ರೂಪುಗೊಂಡಿತು. 2010ರ ತಿದ್ದುಪಡಿಯ ಮೇರೆಗೆ, ಕೇಂದ್ರದ ರಕ್ಷಣೆಗೆ ಒಳಪಟ್ಟ ಸ್ಮಾರಕದ ಎಲ್ಲೆಯಿಂದ 100 ಮೀಟರುಗಳ ಒಳಗೆ ಹೊಸ ಕಟ್ಟಡವನ್ನು ಕಟ್ಟುವಂತಿಲ್ಲ. ಅದರಾಚೆಯ 200 ಮೀಟರುಗಳಲ್ಲಿ ಅನುಮತಿ ಪಡೆದೇ ಕಟ್ಟಬೇಕು. ಅರವತ್ತು ಕಂಬದ ಗುಡಿ ಇಂದು ಇಂತಹ ಸಂರಕ್ಷಿತ ಸ್ಮಾರಕ. ಕೋಟೆಯ ಆವರಣದಲ್ಲಿ ಖಿಲಾರಿ ಜಾನುವಾರುಗಳ ತಳಿ ಸಂವರ್ಧನ ಕೇಂದ್ರವಿದೆ. ಅಲ್ಲಿಯ ಗಿಡಮರಗಳ ನೆರಳಿನಲ್ಲಿ ನವಿಲುಗಳು ಹೇರಳವಾಗಿ ಬೆಳೆದುದರಿಂದ 2006ರಲ್ಲಿ ಅದನ್ನು ನವಿಲುಧಾಮವೆಂದು ಸಾರಲಾಯಿತು. ಸೈನಿಕರ ಕೂಗು ಕೇಳುತ್ತಿದ್ದ ಕೋಟೆಯಲ್ಲಿ ಈಗ ನವಿಲಿನ ಕೇಕೆ ಕೇಳಿಬರುತ್ತದೆ.

ಆದರೆ ಕಾಯಿದೆಯೊಂದೇ ಕಟ್ಟಡವನ್ನು ಕಾಯಲಾರದು. ಕಾವಲುಗಾರನ ಕಣ್ಣು ತಪ್ಪಿಸಿ ಕಂಬದ ಮೇಲೆ ಮೊಳೆಯಿಂದ ತನ್ನ ಹೆಸರನ್ನು ಗೀಚುವ ಪ್ರವಾಸಿಗನನ್ನು ಯಾವ ಕಾಯಿದೆ ತಾನೇ ಪ್ರತಿ ಸಲವೂ ತಡೆದೀತು? ಒಂಬತ್ತು ಶತಮಾನಗಳ ಹಿಂದೆ ಆ ಕಂಬವನ್ನು ಕಡೆದ ಶಿಲ್ಪಿಯು ತನ್ನ ಹೆಸರನ್ನು ಮೆರೆಸಲು ಹಂಬಲಿಸಲಿಲ್ಲ. ಏನನ್ನೂ ಕಟ್ಟದವನು ಅದರ ಮೇಲೆ ತನ್ನ ಹೆಸರನ್ನು ಕೊರೆಯುವುದು ನಾಚಿಕೆಗೇಡು. ಹಳೆಯ ಕಟ್ಟಡದ ನಿಜವಾದ ಕಾವಲುಗಾರರು ಸುತ್ತಲಿನ ಜನರೇ. ಇದು ತಮ್ಮದೆಂದು ಅವರು ಬಗೆದಾಗ ಕಲ್ಲಿಗೆ ಆಯುಸ್ಸು ಬರುತ್ತದೆ.

ಅರವತ್ತು ಕಂಬದ ಗುಡಿಯ ಸುತ್ತ ಬಾಳಿದವರು ಒಂದೇ ಮತದವರಲ್ಲ, ಒಂದೇ ಅರಸನ ಪ್ರಜೆಗಳಲ್ಲ. ಜಿನನಿಗೆ ಕೈಮುಗಿದವರು, ಶಿವನನ್ನು ಪೂಜಿಸಿದವರು, ಹರಿಯ ಕೀರ್ತನೆ ಹಾಡಿದವರು, ನಮಾಜು ಮಾಡಿದವರು - ಎಲ್ಲರೂ ಈ ಕೋಟೆಯ ನೀರನ್ನೇ ಕುಡಿದರು, ಎಲ್ಲರೂ ಕನ್ನಡದ ಮಣ್ಣಿನಲ್ಲೇ ನಡೆದಾಡಿದರು. ರಾಷ್ಟ್ರಕೂಟರು ಹೋದರು, ಚಾಲುಕ್ಯರು ಹೋದರು, ಹೊಯ್ಸಳರೂ ನವಾಬರೂ ಹೋದರು. ಅವರ ಅಧಿಕಾರದ ಗುರುತುಗಳು ಅಳಿದರೂ ದುಡಿದವರ ಕೈಗೆಲಸ ಮಾತ್ರ ನಿಂತಿದೆ. ಅದನ್ನು ಕಟ್ಟುವ ಭಾಗ್ಯ ಅಂದಿನವರದಾಗಿತ್ತು. ಕಾಯುವ ಭಾಗ್ಯ ಇಂದಿನವರದು. ಹುಳ್ಳನಂತಹವರು ತೋರಿದ ದಾರಿಯಲ್ಲಿ ನಡೆಯಲು ಭಂಡಾರದ ಹಣವೇ ಬೇಕೆಂದಿಲ್ಲ. ತನ್ನ ಊರಿನ ಹಳೆಯ ಕಟ್ಟಡದ ಕಥೆಯನ್ನು ಹಿರಿಯರಿಂದ ಕೇಳಿ ತಿಳಿದು, ಅದರ ಕಲ್ಲಿಗೆ ಕೈಹಚ್ಚದೆ, ಅದರ ಅಂಗಳವನ್ನು ಶುಚಿಯಾಗಿಡಲು ನೆರವಾಗುವ ಬಾಲಕನೂ ಬಾಲಕಿಯೂ, ಶಾಸನಗಳು ಹೇಳುವ ಆ ಇಮ್ಮಡಿ ಪುಣ್ಯಕ್ಕೆ ಪಾತ್ರರಾಗುತ್ತಾರೆ.

ಅಭ್ಯಾಸ

1. ಬಂಕಾಪುರಕ್ಕೆ ಆ ಹೆಸರು ಬಂದ ಬಗೆಯನ್ನು ತಿಳಿಸಿರಿ.
2. ‘ನಗರೇಶ್ವರ’ ಎಂಬ ಹೆಸರಿನಿಂದ ಅಂದಿನ ಸಮಾಜಜೀವನದ ಬಗ್ಗೆ ಏನನ್ನು ಊಹಿಸಬಹುದು?
3. ಬಳಪದ ಕಲ್ಲಿನ ಗುಣಗಳು ಶಿಲ್ಪಕಲೆಯ ಮೇಲೆ ಯಾವ ಪರಿಣಾಮವನ್ನು ಉಂಟುಮಾಡಿದವು?
4. “ಯುದ್ಧದ ಪೆಟ್ಟು ಒಂದು ದಿನದ್ದು, ಮರೆವಿನ ಪೆಟ್ಟು ಪ್ರತಿದಿನದ್ದು.” ಈ ಮಾತನ್ನು ಪಾಠದ ಆಧಾರದಿಂದ ವಿವರಿಸಿರಿ.
5. ನಿಮ್ಮ ಊರಿನ ಅಥವಾ ನೆರೆಯೂರಿನ ಹಳೆಯ ಪೂಜಾಸ್ಥಾನವೊಂದನ್ನು ನೋಡಿ ಬಂದು, ಅದರ ಚರಿತ್ರೆಯನ್ನು ಒಂದು ಪುಟದಲ್ಲಿ ಬರೆಯಿರಿ.